ತಗಡಿನ ಮಾತು

ಗಬ್ಬೂರ ಕ್ರಾಸಿನ್ಯಾಗ ನನ್ನ ಅಂಗಡಿ.
ಬೋರ್ಡಿಲ್ಲ. ಒಂದು ಹಳೇ ಬಾನೆಟ್ ತೂಗಹಾಕೇನಿ,
ಅಷ್ಟ ಸಾಕು. ಸುತಗಿ, ಮರದ ಕೊಡತಿ,
ಒಳಗ ಬಡಿಯೂವಾಗ ಹೊರಗ ಹಿಡಿಯೂ ಉಕ್ಕಿನ ತುಂಡು.

ಇಪ್ಪತ್ತಾರು ವರ್ಷ ಡೆಂಟ್ ಎತ್ತಿದ ಮ್ಯಾಲ
ಡ್ರೈವರ್ ಬಾಯಿ ತಗಿಯೂದಕ್ಕ ಮೊದಲ
ತಗಡ ನನಗ ಹೇಳಿಬಿಡತೈತಿ.

ಕುಡದವನ ಪೆಟ್ಟು ಮುಂದಿರತೈತಿ, ನಡುವ, ಆಳ,
ಹಂಡೆಕ್ಕ ಒದ್ದಂಗ.
ನಿದ್ದಿಗಣ್ಣವಂದು ಎಡಕ್ಕ.
ಗಿಡದ ತೊಗಟಿ ಲ್ಯಾಂಪಿನ್ಯಾಗ ಸಿಕ್ಕಿರತೈತಿ.
ಹೆಂಡ್ತಿ ಕೂಡ ಜಗಳಾಡಿ ಬಂದವಂದು ಹಿಂದ;
ರಿವರ್ಸ್ ತಗೊಳ್ಳೂವಾಗೂ ಸಿಟ್ಟು ಇಳದಿರೂದಿಲ್ಲ.

ಸೊಪ್ಪು ಸೇದಿದವಂದು ಬ್ಯಾರೆ.
ಅದು ಪೆಟ್ಟಲ್ಲ, ಗೀಟು.
ಎಮ್ಮಿ ಗ್ವಾಡಿಗೆ ಮೈ ತಿಕ್ಕೊಂಡು ಹೋದಂಗ
ಮುಂದಿನ ಬಾಗಲದಿಂದ ಹಿಂದಿನ ಗಾಲಿತನಾ
ಡಿವೈಡರ್ ಎಳದ, ಅವಸರಿಲ್ಲದ ಗೀಟು.
'ನಾ ಮೂವತ್ತರಾಗ ಇದ್ನಿ ಕಾಕಾ' ಅಂತಾರ.
ಇದ್ದಿರಬೇಕು. ಸುಳ್ಳಲ್ಲ.

ನಿನ್ನೆ ಒಬ್ಬ ಬಂದಿದ್ದ, ವಿದ್ಯಾನಗರದ ಹುಡುಗ, ಅಪ್ಪನ ಕಾರು.
ಮೋಡ ಕವಿದ ದಿನಾನೂ ಕಪ್ಪು ಚಾಳೀಸು.
'ಕುಡದಿಲ್ಲ, ಖರೇನ. ಪೊಲೀಸ್ನು ಊದಿಸಿದ, ಸೊನ್ನಿ ಬಂತು.
ಸೇದಿದ್ರ ಇನ್ನೂ ಹುಷಾರಿಂದ ಹೊಡಿತೀನಿ ನಾ,
ನಿಧಾನ. ಎಲ್ಲಾ ಕಾಣತೈತಿ.'

ನಾ ಏನೂ ಅನ್ನಲಿಲ್ಲ. ಪುಟ್ಟಿ ಕಲಸಿಕೋತ ಕುಂತೆ.

ಎಲ್ಲಾ ಕಾಣತೈತಿ ಅನ್ನೂದು ಖರೆ.
ನನಗೂ ಕಂಡಿತ್ತು.

ಆಗ ನಾ ಬ್ಯಾಡಗಿಯಿಂದ ಮೆಣಸಿನಕಾಯಿ ಹೇರತಿದ್ದೆ,
ಹಾವೇರಿ, ಬಂಕಾಪುರ, ಶಿಗ್ಗಾವಿ,
ನಸುಕಿನ್ಯಾಗ ಅಮರಗೋಳದ ಯಾರ್ಡು.
ಘಾಟಿಗೆ ಕೆಮ್ಮು, ಕೆಮ್ಮಿಗೆ ಚಿಲುಮಿ.
ಹಂಗ ಸುರು ಆತು, ಔಷಧದ ಹೆಸರಿಲೆ.
ಆ ರಾತ್ರಿ ತಡಸ ಕ್ರಾಸಿನ ಧಾಬಾದಾಗ ನಾಕು ಜುರಕಿ.
ಪಕ್ಕಕ್ಕ ಕ್ಲೀನರ್ ನೀಲಪ್ಪ, ಹದಿನೇಳಿರಬೇಕು,
ಎರಡೂ ಕಾಲು ಸೀಟಿನ ಮ್ಯಾಲ ಮಡಚಿಕೊಂಡು
ಚುರಮರಿ ಮುಕ್ಕತಿದ್ದ.

ರಸ್ತೆ ಅಗಲ ಆತು.
ನಡುವಿನ ಬಿಳಿ ಪಟ್ಟಿ ಒಂದೊಂದೂ
ಒಂದೊಂದು ಊರಿನಷ್ಟು ಉದ್ದ.
ಎದುರಿನ ಬಸ್ಸಿನ ಬೆಳಕು ಬರತೈತಿ, ಬರತೈತಿ, ಬರತೈತಿ,
ಬಂದು ಮುಗಿಯೂದಿಲ್ಲ.
ಮುಂದೊಂದು ಟ್ರ್ಯಾಕ್ಟರ್, ಹಿಂದ ದೀಪಿಲ್ಲ,
ಟ್ರೇಲರ್ ತುಂಬ ಹತ್ತಿ.
ನಾ ಅದನ್ನ ನೋಡಿದೆ.
ನೋಡಿ, 'ಮೋಡ ನೆಲಕ್ಕಿಳದೈತಿ ನೋಡಲೇ' ಅಂದೆ. ನೀಲಪ್ಪ ನಕ್ಕ.
ಬ್ರೇಕ್ ತುಳೀಬೇಕು ಅಂತ ಗೊತ್ತಾತು.
ಗೊತ್ತಾದ ಸುದ್ದಿ ತೆಲಿ ಬಿಟ್ಟು ಹೊಂಟು
ಎದಿ ದಾಟಿ, ಹೊಟ್ಟಿ ದಾಟಿ,
ಮೊಣಕಾಲಿನ ಹತ್ರ ಬೀಡಿ ಸೇದಾಕ ನಿಂತಿತು.
ಟೈಮ್ ಭಾಳ ಐತಿ ಅನಸಿತ್ತು.
ಅಷ್ಟು ಟೈಮ್ ನನ್ನ ಕಡೆ ಯಾವತ್ತೂ ಇರಲಿಲ್ಲ.

ಹತ್ತಿ ಮೆತ್ತಗ ಅಂತಾರ.
ಹತ್ತಿ ಹಿಂದ ಕಬ್ಬಣದ ಪಟ್ಟಿ ಇರತಾವ.

ಚೀಲ ಒಡದು ರಸ್ತೆ ತುಂಬ ಕೆಂಪು.
ಮೊದಲ ಬಂದವರು ಹೌಹಾರಿದರಂತ.
ಅದೆಲ್ಲಾ ಮೆಣಸಿನಕಾಯಿ. ರಕ್ತ ಅಷ್ಟಿರಲಿಲ್ಲ.
ಒಂದ ಕಾಲಿಂದು ಎಷ್ಟು ರಕ್ತ?
ದೊಡ್ಡ ದವಾಖಾನ್ಯಾಗ ಅದನ್ನ ಮೊಣಕಾಲ ಕೆಳಗ ತಗದರು.
ಅಂವ ಎಚ್ಚರಾದ ಮ್ಯಾಲೂ ಎರಡು ದಿನ ಸೀನತಿದ್ದ.

ನೀಲಪ್ಪ ಈಗ ಕುಂದಗೋಳದಾಗ ಪಂಕ್ಚರ್ ಹಾಕತಾನ,
ಕುಂತ ಮಾಡೂ ಕೆಲಸ.
ವರ್ಷಕ್ಕೊಮ್ಮೆ ಈ ಕಡೆ ಬಂದ್ರ ಚಹಾ ಕುಡೀತಾನ,
ಹೊಂಡೂವಾಗ ಬಾಗಲದಾಗ ನಿಂತು
'ದಾವಲಣ್ಣಾ, ಆ ಮೋಡ ಮಾತ್ರ ಚಲೋ ಇತ್ತು' ಅಂತಾನ.
ಮಾಫಿ ಕೊಟ್ಟನೋ, ಶಾಪ ಹಾಕಿದನೋ,
ನನಗ ಓದಾಕ ಬರೂದಿಲ್ಲ.
ತಗಡಾಗಿದ್ರ ಓದತಿದ್ದೆ.

ಇವತ್ತ ಸಂಜಿಗೆ ಹುಡುಗ ಬಂದ.
ಕಾರಿನ ಸುತ್ತ ಒಂದ ಸುತ್ತ ಹಾಕಿ
ಡ್ರೈವರ್ ಬಾಗಲದ ಹಿಡಿಕಿ ಹತ್ರ ನಿಂತ.
ಅಲ್ಲಿ ಹೆಬ್ಬಟ್ಟಿನಷ್ಟು ಗೀಟು ಹಂಗ ಇತ್ತು.
'ಇದ್ಯಾಕ ಬಿಟ್ಟಿ ಕಾಕಾ?'
'ಬಣ್ಣ ಮುಗೀತಪಾ' ಅಂದೆ.
ಅಂವ ಡಬ್ಬಿ ಕಡೆ ನೋಡಿದ.
ಅರ್ಧಕ್ಕಿಂತ ಹೆಚ್ಚು ಇತ್ತು.

ಇನ್ನೂರು ಕಮ್ಮಿ ಕೊಟ್ಟು ಹೋದ.