ಹಳೆಯ ಕಲೆ

ಬಿರುಗಾಳಿ ಹೋದ ಹನ್ನೊಂದನೆಯ ದಿನಕ್ಕೆ
ಲೇಕ್ ಚಾರ್ಲ್ಸ್ ಊರೇ ನೀಲಿಯಾಯಿತು, ಆಲ್ಸೀಡ್.
ಮಾಡು ಮಾಡಿನ ಮೇಲೂ ಟಾರ್ಪಾಲು,
ಗಾಳಿ ಬಂದರೆ ಒಂದೊಂದೂ ಉಸಿರೆಳೆಯುತ್ತದೆ
ರಾತ್ರಿಯೆಲ್ಲ, ನಿನ್ನ ಕೊನೆಯ ವರ್ಷದ ಹಾಗೆ.

ಮೊದಲು ಬಂದವನ ಟ್ರಕ್ಕಿಗೆ ಟೆಕ್ಸಾಸಿನ ನಂಬರು.
ಕೈ ಕುಲುಕಿದ, ಅಂಗೈ ಬೆಣ್ಣೆ.
ಏಣಿಯನ್ನು ಇಳಿಸಲೂ ಇಲ್ಲ, ಹೇಳಿದ:
"ಪೂರಾ ಮಾಡು ಹೋಗಿದೆ ಮೇಡಂ. ಇಲ್ಲೊಂದು ಸಹಿ ಹಾಕಿ,
ವಿಮೆಯವರ ಹತ್ತಿರ ನಾನೇ ಮಾತಾಡುತ್ತೇನೆ,
ನಿಮ್ಮ ಪಾಲಿನ ದುಡ್ಡು ನೀವು ಕೊಡುವುದೇ ಬೇಡ."
ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಪರರ ಮಕ್ಕಳಿಗೆ ಬಡಿಸಿದವಳು ನಾನು.
ಪುಕ್ಕಟೆ ಊಟಕ್ಕೂ ಯಾರೋ ಎಲ್ಲೋ
ಲೆಕ್ಕ ಬರೆಯುತ್ತಿರುತ್ತಾರೆ.
ಕನ್ನಡಕ ತರುತ್ತೇನೆ ಎಂದೆ,
ಒಳಗೆ ಹೋಗಿ ಚಿಲಕ ಹಾಕಿಕೊಂಡೆ.
ಕನ್ನಡಕ ಮೂಗಿನ ಮೇಲೇ ಇತ್ತು.

ಎರಡನೆಯವನು ಮಾತು ಕಡಿಮೆ, ಮುಂಗಡ ಜಾಸ್ತಿ.
ಪಕ್ಕದ ರಸ್ತೆಯ ಕ್ಲೋಟೀಲ್ ಅರ್ಧ ಹಣ ಕೊಟ್ಟಳು.
ಈಗ ಅವನ ಫೋನಿನಲ್ಲಿ ಒಬ್ಬ ಹೆಂಗಸು
ಪ್ರತಿ ಸಲ ಅದೇ ದನಿಯಲ್ಲಿ
ಈ ಸಂಖ್ಯೆ ಬಳಕೆಯಲ್ಲಿಲ್ಲ ಅನ್ನುತ್ತಾಳೆ.
ಕ್ಲೋಟೀಲ್ ದಿನಾ ಅವಳನ್ನೇ ಬೈಯುತ್ತಾಳೆ,
ಹೆಸರು ಬೇರೆ ಇಟ್ಟಿದ್ದಾಳೆ.

ಮೂರನೆಯವನನ್ನು ನಾನೇ ಹುಡುಕಿದೆ. ಡೆಲ್ಮಸ್ ಗಿಲರಿ.
ಹಿಂದಿನ ಬಿರುಗಾಳಿಗೆ ಅವನು ಮಾಡು ಹೊದಿಸಿದ
ಮೂರು ಮನೆಗಳ ವಿಳಾಸ ಕೇಳಿದೆ, ಮೂರಕ್ಕೂ ಹೋದೆ,
ಮಳೆ ಬರುವ ದಿನವೇ ನೋಡಿ ಹೋದೆ.
ಒಬ್ಬಳು ಅಂದಳು: "ಹೇಳಿದ ದಿನ ಬರುವ ಆಸಾಮಿಯಲ್ಲ.
ಬರುವುದಿಲ್ಲ ಅಂತ ಫೋನು ಮಾತ್ರ ಮಾಡುತ್ತಾನೆ."
ತಲೆಯೆತ್ತಿ ಅವಳ ಸೂರು ನೋಡಿದೆ: ರಸ್ಕಿನ ಹಾಗೆ ಒಣಗಿತ್ತು.
ಲೈಸೆನ್ಸು ನಂಬರು ಹಿಡಿದು ಬ್ಯಾಟನ್ ರೂಜಿಗೆ ಫೋನು ಹಚ್ಚಿದೆ.
ನಲವತ್ತು ನಿಮಿಷ ಪಿಟೀಲು ಕೇಳಿಸಿದರು,
ಆಮೇಲೆ, ಸರಿಯಿದೆ, ಅಂದರು.

ಬಂದ, ಅಟ್ಟಕ್ಕೆ ಹತ್ತಿದ. ಒಂದು ಗಂಟೆ
ನೆತ್ತಿಯ ಮೇಲೆ ಅವನ ಮೊಣಕಾಲು ಓಡಾಡಿತು.
ಇಳಿದಾಗ ಹುಬ್ಬಿನಲ್ಲಿ ಜೇಡರ ಬಲೆ.
"ದಕ್ಷಿಣದ ಪಕ್ಕ ಪೂರಾ ಗಾಳಿಯ ಕೆಲಸ, ಬರೆದುಕೊಡುತ್ತೇನೆ.
ಮಲಗುವ ಕೋಣೆಯ ಮೇಲಿನ ಕಲೆ, ಮಿಸ್ ವರ್ಲೀ, ಅದು ಹಳೆಯದು.
ಅದನ್ನು ಈ ಗಾಳಿಯ ತಲೆಗೆ ಕಟ್ಟಲಾರೆ."

ಗೊತ್ತಿತ್ತಲ್ಲ ನನಗೆ, ಆಲ್ಸೀಡ್.
ಡಾಂಬರಿನ ಡಬ್ಬಿ ಹಿಡಿದು ನೀನು ಹತ್ತಿದ್ದು,
ಇನ್ನು ನೂರು ವರ್ಷ ಸೋರುವುದಿಲ್ಲ ಅಂದದ್ದು,
ಆ ರಾತ್ರಿಯೇ ದಿಂಬಿನ ಪಕ್ಕ ಬೋಗುಣಿ ಇಟ್ಟದ್ದು.
ವಿಮೆಯವನು ಬಂದಾಗ ನಾನು ಸುಳ್ಳು ಹೇಳಲಿಲ್ಲ.
ಕುರ್ಚಿಯನ್ನು ಸರಿಯಾಗಿ ಆ ಕಲೆಯ ಕೆಳಗೆ ಹಾಕಿದೆ,
ತಲೆಯೆತ್ತಿ ತಾನೇ ನೋಡಿಕೊಳ್ಳಲಿ ಅಂತ.
ಎರಡು ಸಾವಿರದ ಇನ್ನೂರು ಡಾಲರಿನ ಕುರ್ಚಿ.

ಎರಡು ದಿನ ಡೆಲ್ಮಸನ ಮೇಲೆ ಸಿಟ್ಟು,
ಪಾತ್ರೆ ತೊಳೆಯುವಾಗ ನಿನ್ನ ಮೇಲೂ.
ನಂಬಿಕಸ್ಥ ಬೇಕು ಅಂತ ಊರೆಲ್ಲ ಅಲೆದೆ,
ಸಿಕ್ಕಿದವನು ನನ್ನನ್ನೂ ಅಳೆದುಬಿಟ್ಟನಲ್ಲ.
ಮೂರನೆಯ ಬೆಳಿಗ್ಗೆ, ಕನ್ನಡಕ ಒರೆಸಿಕೊಂಡು, ಸಹಿ ಹಾಕಿದೆ:
ಮೂರು ಕಂತು, ಕೊನೆಯದು ಕೆಲಸ ಮುಗಿದ ಮೇಲೆ.
ಕಲೆಯದು ನನ್ನ ಖರ್ಚು, ಬೇರೆ ಹಾಳೆ.

ನವೆಂಬರಿನಲ್ಲಿ ಮುಗಿಸಿದ. ಒಂಬತ್ತು ದಿನ ತಡ,
ಒಂಬತ್ತು ಫೋನು.
ಹೋಗುವ ಮುಂಚೆ ಚಕ್ರದ ಅಯಸ್ಕಾಂತ ತಳ್ಳುತ್ತ
ಹುಲ್ಲಿನ ಮೇಲೆ ಮೂರು ಸುತ್ತು ಬಂದ,
ಬಿದ್ದ ಮೊಳೆ ಯಾರ ಕಾಲಿಗೂ ನೆಡಬಾರದು ಅಂತ.
ಹೊಸವು ಒಂದು ಹಿಡಿ. ಅವುಗಳ ನಡುವೆ
ತುಕ್ಕು ತಿಂದು ಸೊಟ್ಟಗಾದ ಏಳು.
"ಇವು ನನ್ನವಲ್ಲ," ಅಂದ.

ಬಲ್ಲೆ.
ಕಾಫಿ ಡಬ್ಬಿಗೆ ಹಾಕಿಟ್ಟಿದ್ದೇನೆ. ಅಲ್ಲಾಡಿಸಿದರೆ
ಇನ್ನೂ ವಾದಿಸುತ್ತವೆ.
ನಿನ್ನೆ ರಾತ್ರಿ ಮಳೆ. ಎದ್ದು ಕತ್ತಲಲ್ಲಿ ಬೋಗುಣಿ ಹುಡುಕಿದೆ,
ಆಮೇಲೆ ನೆನಪಾಯಿತು.
ನೀನು ಮಲಗುತ್ತಿದ್ದ ಕಡೆ ಹೋಗಿ
ಮಲಗಿದೆ.