ಹಿಮ್ಮಡಿ ಮೊದಲು

ಆಳಂದ ನಾಕಾದ ಹತ್ತಿರ, ಟಯರ್ ಅಂಗಡಿಯ ಹಿಂದೆ,
ಲಾಡ್ಲೇಸಾಬರ ಖರಾದು.
ತಗಡಿನ ಮಾಡಿಗೆ ಬೆಳಿಗ್ಗೆ ಹತ್ತಕ್ಕೇ ಕಾವು.
ಐಟಿಐ ಸರ್ಟಿಫಿಕೇಟು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ನಾ ಬಂದಾಗ
ಅವರು ನೋಡಿದ್ದು ಅದನ್ನಲ್ಲ,
ನನ್ನ ಹೆಬ್ಬೆರಳನ್ನು.

"ಕಬ್ಬಿಣ ತಿರುವಿದಾಕಿ?"
ಹೂಂ ಅಂದೆ.
"ಅಲ್ಲಿ ಉಳಿಯನ್ನ ಬೋಲ್ಟ್ ಹಿಡೀತದ.
ಇಲ್ಲಿ ಬೋಲ್ಟ್ ನೀನೇ."

ಗೋಡೆಯ ಮೊಳೆಗಳಲ್ಲಿ ಏಳು ಗೋಲುಳಿ,
ಏಳಕ್ಕೂ ಬಾಯಿ ಬ್ಯಾರೆ.
ಅಂಗೈಯಗಲದ್ದು, ಪೈಪು ಸೀಳಿದ ಹಾಗಿದ್ದದ್ದು,
ಮಂಚದ ಕಾಲಿನ ಒರಟು ತೆಗೆಯಲು.
ಕಿರುಬೆರಳಿನ ಉಗುರಿನಂಥದು ತೊಟ್ಟಿಲ ಗುಬ್ಬಿಯ ಕುತ್ತಿಗೆಗೆ.
ಮತ್ತೊಂದು, ಗುಂಡು ಸರಳಿನಲ್ಲಿ ಆಳ ಕಾಲುವೆ ಕೊರೆದದ್ದು,
ಮೊಳಕ್ಕೂ ಮಿಕ್ಕ ಜಾಲಿಯ ಹಿಡಿಕೆ
ಬೆವರು ಕುಡಿದು ಕುಡಿದು ಕರ್ರಗಾಗಿದೆ.
"ಬಟ್ಟಲಕ್ಕ ಇದೊಂದೇ. ನೆನಪಿಡು."

ನೆನಪಿಡಲಿಲ್ಲ.
ಮೂರನೇ ದಿನ, ಅವರು ಜೋಹರ್ ನಮಾಜಿಗೆ ಹೋದಾಗ,
ಹಸಿ ಬೇವಿನ ಗುಂಡು ಕಚ್ಚಿಸಿ,
ದೊಡ್ಡದಿದ್ರ ಲಗೂ ಮುಗೀತದ ಅಂತ
ಅಗಲ ಬಾಯಿಯದ್ದೇ ಎತ್ತಿಕೊಂಡೆ.
ಅಡ್ಡ ನಾರಿನ ಗುಂಡು. ಸುತ್ತಿಗೆ ಎರಡು ಸಲ
ನಾರಿನ ತುದಿ ಎದುರಿಗೆ ಬಂದು ನಿಲ್ಲುತ್ತದೆಂದು
ನನಗೆ ಗೊತ್ತಿರಲಿಲ್ಲ. ಉಳಿಗೆ ಗೊತ್ತಾಯಿತು.
ಢಬ್!
ಹಿಡಿಕೆಯೊಳಗಿನ ಉಕ್ಕಿನ ಬಾಲ ಮುರಿದು
ಗುಂಡು ಶಹಾಬಾದ್ ಪರಸಿಯ ಮೇಲೆ ಉರುಳಿ ಉರುಳಿ
ಟಯರ್ ಅಂಗಡಿಯ ತನಕ ಹೋಯಿತು.
ಪಂಕ್ಚರ್ ಹುಡುಗ ಕಾಲಲ್ಲೇ ತಡೆದು ನಕ್ಕ.

ಅವರು ಬಂದರು. ಮುರಿದ ತುಂಡು ನೋಡಿದರು.
"ಜಗದೇವಿ, ಬೆರಳು ಎಣಿಸು."
ಎಣಿಸಿದೆ. ಹತ್ತು.
"ಹಂಗಾರ ಬಿಡು. ಅದು ನಮ್ಮ ಅಬ್ಬಾನ ಉಳಿ.
ಅವರಿಗೆ ಒಂಬತ್ತಿದ್ದವು."

ಚಹಾ ತರಿಸಿದರು. ಆಮೇಲೆ ಸಾಣೆ.
ಒತ್ತಬಾರದು. ಹಂಚಿನ ಮೇಲಿನ ಜೋಳದ ರೊಟ್ಟಿಗೆ
ನೀರು ಸವರಿದ ಹಾಗೆ
ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಬೇಕು.
ಕಿಡಿ ಅಂಚು ದಾಟಿ ಮೇಲೆ ಬಂದರೆ ಸಾಕು,
ನೀಲಿ ತಿರುಗಿದರೆ ಉಕ್ಕು ಸತ್ತಿತು.
ಹೊರಮೈಯ ಉಳಿಗೆ ಓರೆ ಜಾಸ್ತಿ;
ಒಳಗಿನ ತಳಕ್ಕೆ ಮೊಂಡೇ ಬೇಕು,
ಅಷ್ಟು ಓರೆ ಇದ್ದರೆ ತಿರುವಿನಲ್ಲಿ ಬೆನ್ನು ಬಗ್ಗುವುದಿಲ್ಲ.
ನಾನು ಚೀಲದಿಂದ ಕೋನಮಾಪಕ ತೆಗೆದೆ.
ಅವರು ಅಂಚನ್ನು ಉಗುರಿನ ಮೇಲೆ ಇಟ್ಟು ತೋರಿಸಿದರು:
ಜಾರಲಿಲ್ಲ.

ಓಡ್ನಿ ಬಿಗಿದು ಕಟ್ಟಿ,
ಗುಂಡಿನ ಎದುರಿಗಲ್ಲ, ಬದಿಗೆ ನಿಂತು,
ಆಸರೆಯ ಪಟ್ಟಿ ಬೆರಳಗಲಕ್ಕೆ ಸರಿಸಿ,
ಹಿಮ್ಮಡಿ ಮೊದಲು.
ನಂದಲ್ಲ, ಉಳಿಯದು.
ಅದು ಸುಮ್ಮನೆ ಕಟ್ಟಿಗೆಯ ಮೇಲೆ ಜಾರುತ್ತಿರಲಿ,
ಅಂಚಿಗೆ ಇನ್ನೂ ಉಪವಾಸ.
ಟೊಂಕಕ್ಕೆ ಆನಿಸಿದ ಹಿಡಿಕೆಯನ್ನು ಎಳ್ಳಷ್ಟು ಎತ್ತು,
ಇನ್ನೆಳ್ಳಷ್ಟು,
ಸುರುಳಿ ಬಂತೇ? ಅಲ್ಲೇ ಇರು.
ಕೈ ಅಲ್ಲ, ಮೊಣಕಾಲು ಸರಿಯಲಿ.
ಹೊರಗೆ ತಳದಿಂದ ಕಂಠಕ್ಕೆ,
ಒಳಗೆ ಕಂಠದಿಂದ ಹೊಕ್ಕುಳಿಗೆ.
ಒಳಹೊಗುವಾಗ ಕಾಲುವೆಯ ಮುಖ ಮೂರು ಗಂಟೆಗೆ,
"ಆಕಾಶ ನೋಡ್ತೋ, ಹಾರಿ ಹೋಗ್ತದ."

ಸದ್ದು ಕೇಳು, ಅಂದರು.
ಹರಿತವಿದ್ದಾಗ ಹಸಿ ಕಡಲೆಗಿಡ ಕಿತ್ತಂಥ ಸದ್ದು.
ಮೊಂಡಾದಾಗ ಕಿವಿಗೆ ಅಲ್ಲ,
ಹಲ್ಲಿಗೆ ಕೇಳಿಸ್ತದೆ.

ರೆಪ್ಪೆಯ ಮೇಲೆ ಬೇವು, ತುಟಿಯ ಮೇಲೆ ಬೇವು.
ಮೊದಲ ಬಟ್ಟಲು ವಾರದಲ್ಲಿ ಒಣಗಿ ಮೊಟ್ಟೆಯಾಕಾರಕ್ಕೆ ಬಂತು.
ಅವ್ವ ಶೇಂಗಾ ಹಿಂಡಿ ಹಾಕಿಟ್ಟಳು,
ಎರಡು ದಿನ ಕಹಿ ಅಂದಳು, ಮೂರನೇ ದಿನ ಏನೂ ಅನ್ನಲಿಲ್ಲ.

ಏಳನೇ ಮೊಳೆ ಖಾಲಿ ಇತ್ತು.
ಒಂದು ಮುಂಜಾನೆ ಬಂದು ನೋಡಿದರೆ
ನನ್ನ ಕೋನಮಾಪಕಕ್ಕೆ ದಾರ ಪೋಣಿಸಿ
ಅಲ್ಲಿ ತೂಗುಹಾಕಿದ್ದರು.
ಅದರ ನಲವತ್ತರ ಗೆರೆಯ ಹತ್ತಿರ
ಹೊಸ ಸಾಣೆ ಮಸಿಯ ಹೆಬ್ಬೆರಳ ಗುರುತು,
ನನ್ನದಲ್ಲ.