ಸೊನ್ನೆ ಬಂದರೆ ಕ್ಷೇಮ

ಮಸ್ಜಿದ್ ಬಂದರಿನಲ್ಲಿ ಮೂರನೇ ಮಹಡಿ.
ಕೆಳಗೆ ಅರಿಸಿನದ, ಒಣಮೆಣಸಿನ ಚೀಲ ಇಳಿಸುವ ಹಮಾಲರು;
ಮೇಲೆ ನಾನು, ಸೀನುತ್ತ,
ಬಿಲ್ಲು ಬರೆಯುವ ಪ್ರೋಗ್ರಾಮಿಗೆ
ಇನ್ನೊಂದು ಪ್ರೋಗ್ರಾಮನ್ನು ಕೂಗಿ ಕರೆಯಲು ಕಲಿಸುತ್ತಿದ್ದೆ.

ತಾನಾಗಿ ಅದು ಯಾರ ಬಾಗಿಲನ್ನೂ ತಟ್ಟುವ ಹಾಗಿಲ್ಲ.
ಆಪರೇಟಿಂಗ್ ಸಿಸ್ಟಮ್ಮಿಗೆ ಅರ್ಜಿ ಹಾಕಬೇಕು:
ಸ್ವಾಮೀ, ಇಂಥ ಡ್ರೈವು, ಇಂಥ ಫೋಲ್ಡರು,
ಅಲ್ಲಿ ಮಲಗಿರುವ ಇಂಥವನನ್ನು ಎಬ್ಬಿಸಿ
ಅವನ ಕೈಗೆ ಈ ಚೀಟಿ ಕೊಡಿ.
ಮಿಕ್ಕದ್ದು ದೊರೆಯ ಚಿತ್ತ.

ಗಾಲಾ ಸೇಠರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.
ಬಿಳಿ ಗಾದಿಯ ಮೇಲೆ ಕೂತಲ್ಲಿಂದಲೇ
"ಏ ದಗಡೂ!" ಅಂದರೆ ಸಾಕು,
ಮೆಟ್ಟಿಲ ಕೆಳಗಿನ ಕತ್ತಲಿಂದ ದಗಡೂ ಹುಟ್ಟಿ
ಬ್ಯಾಂಕಿಗೆ, ಗೋದಾಮಿಗೆ, ಟಪಾಲಿಗೆ ಓಡಿ
ಮತ್ತೆ ಅದೇ ಕತ್ತಲಿಗೆ ಮರಳುತ್ತಿದ್ದ.

ಮೊದಲ ವಾರವೆಲ್ಲ ನನ್ನ ಕರೆ ಬಿದ್ದುಹೋಯಿತು.
ವಿಳಾಸದ ನಡುವೆ ಒಂದು ಖಾಲಿ ಜಾಗ;
ಹೆಸರು ಅಲ್ಲಿಗೇ ಮುಗಿಯಿತೆಂದುಕೊಂಡು
ಯಂತ್ರ ಅರ್ಧ ಹೆಸರಿನವನನ್ನು ಹುಡುಕುತ್ತಿತ್ತು.
ಕೇಳಿ ದಗಡೂ ನಕ್ಕ. ಸಾತಾರೆಯಿಂದ ಬಂದ ಹೊಸತರಲ್ಲಿ
ಚಿಂಚ್ ಬಂದರಿಗೆ ಓಡು ಅಂದಾಗ
ಕಿವಿಗೆ ಬಿದ್ದದ್ದು ಚಿಂಚ್ ಅಷ್ಟೇ;
ಅರ್ಧ ಕಿಲೋ ಹುಣಸೆಹಣ್ಣು ತಂದಿದ್ದನಂತೆ.
ಆಮೇಲೆ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿದೆ,
ಮೊಹಮ್ಮದ್ ಅಲಿ ರಸ್ತೆ ದಾಟಿಸುವಾಗ
ಮಗುವಿನ ಎರಡೂ ಕೈ ಹಿಡಿಯುವ ಹಾಗೆ.

ಕರೆದ ಮೇಲೆ ಕಾಯಬೇಕೋ ಬೇಡವೋ?
ಕಾಯಿ ಎಂದು ಬರೆದೆ. ಎಷ್ಟು ಹೊತ್ತು ಎಂದು ಬರೆಯಲಿಲ್ಲ.
ಪ್ರಿಂಟರಿನ ಗಂಟಲಲ್ಲಿ ಕಾಗದ ಸಿಕ್ಕಿಕೊಂಡ ದಿನ
ಪರದೆ ಬೆಳ್ಳಗಾಯಿತು,
ಮುಟ್ಟಿದರೂ ಓಗೊಡದೆ ಕೂತಿತು.

ಮುಂದಿನ ತಿಂಗಳು ಹಾಗೆಯೇ,
ಹನ್ನೊಂದಕ್ಕೆ ಚೆಕ್ಕು ಹಿಡಿದು ಇಳಿದ ದಗಡೂ
ಐದಾದರೂ ಹತ್ತಿ ಬರಲಿಲ್ಲ.
ಸೇಠರು ಡಬ್ಬಿ ಬಿಚ್ಚಲಿಲ್ಲ, ಫೋನು ಎತ್ತಲಿಲ್ಲ.
ಬಾಗಿಲನ್ನೇ ನೋಡುತ್ತ ಇಡೀ ಪೇಢಿ ಬೆಳ್ಳಗಾಯಿತು.
ಆರಕ್ಕೆ ಬಂದ.
ಸೀಲು ಬಿದ್ದ ಚೀಟಿ ಗಾದಿಯ ಮೇಲಿಟ್ಟು
"ಝಾಲಂ" ಅಂದ. ಆಯಿತು.

ಕೆಲಸ ಮುಗಿಸಿದ ಪ್ರೋಗ್ರಾಮು ಸಾಯುವ ಮುನ್ನ
ಕರೆದವರ ಕೈಗೆ ಒಂದು ಅಂಕಿ ಇಟ್ಟು ಹೋಗುತ್ತದೆ.
ಸೊನ್ನೆ ಬಂದರೆ ಕ್ಷೇಮ;
ಉಳಿದ ಅಂಕಿಗಳಿಗೆ ಒಂದೊಂದು ಕಾಯಿಲೆ.
ಸೊನ್ನೆಯ ಒಳಗೆ ಏನಿತ್ತೆಂದು ಯಾರೂ ಕೇಳುವುದಿಲ್ಲ.
ಅವನ ಅಂಗಿಯ ಕಿಸೆಯಿಂದ ಇಣುಕುತ್ತಿದ್ದ
ದೊಡ್ಡಾಸ್ಪತ್ರೆಯ ಕೇಸ್ ಪೇಪರು
ನನ್ನ ಕಣ್ಣಿಗೆ ಬಿದ್ದಿತ್ತು.
ನಾನೂ ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಎಲ್ಲ ಸರಿಹೋಯಿತು.
ಬಿಲ್ಲು ಪ್ರಿಂಟರನ್ನು ಕರೆಯಿತು, ಇನ್ನೊಂದು ಟಪಾಲನ್ನು,
ಮತ್ತೊಂದು ಬ್ಯಾಂಕನ್ನು;
ಯಾರ ಚಪ್ಪಲಿಯೂ ಸವೆಯಲಿಲ್ಲ.
ಲೆಕ್ಕದ ಪುಸ್ತಕಗಳ ಪೂಜೆಯ ದಿನ
ಕಂಪ್ಯೂಟರಿಗೂ ಕುಂಕುಮ, ನನಗೂ ಒಂದು ಡಬ್ಬಿ ಪೇಡೆ.
ದಗಡೂವಿಗೆ ಒಂದು ತಿಂಗಳ ಸಂಬಳ ಹೆಚ್ಚು ಕೊಟ್ಟರಂತೆ,
ಕೊನೆಯ ತಿಂಗಳದ್ದು.

ಜನವರಿಯಲ್ಲಿ ಏನೋ ರಿಪೇರಿಗೆ ಹೋದೆ.
"ಕೂತುಕೊ ಸುಗುಣಾಬೆನ್" ಎಂದ ಸೇಠರು
ಅದೇ ಉಸಿರಿನಲ್ಲಿ ಬಾಗಿಲ ಕಡೆ ತಿರುಗಿ
"ಏ ದಗಡೂ, ಎರಡು ಚಹಾ!" ಅಂದರು.

ಎರಡು.
ನನ್ನ ಯಂತ್ರದಲ್ಲೂ ಎರಡಕ್ಕೆ ಅರ್ಥವಿದೆ:
ನೀವು ಹೇಳಿದ ವಿಳಾಸದಲ್ಲಿ
ಆ ಹೆಸರಿನವರು ಯಾರೂ ಇಲ್ಲ.
ಮೆಟ್ಟಿಲ ಕೆಳಗಿನ ಕತ್ತಲು ಕತ್ತಲಾಗಿಯೇ ಇತ್ತು.
ಸೇಠರು ಕನ್ನಡಕ ತೆಗೆದು ಒರೆಸತೊಡಗಿದರು,
ಒರೆಸುತ್ತಲೇ ಇದ್ದರು.

ನಾನೇ ಇಳಿದು ಹೋದೆ.
ಗಾಜಿನ ಲೋಟಗಳು ಬೆರಳು ಸುಡುತ್ತಿದ್ದವು.
ಎರಡು ವರ್ಷ ಓಡಾಡಿದ ಮೆಟ್ಟಿಲು,
ಎಣಿಸಿದ್ದು ಅಂದೇ: ಐವತ್ತೆಂಟು.
ಬಾಗಿಲಲ್ಲಿ ಏನನ್ನಬೇಕೋ ತಿಳಿಯದೆ
"ಝಾಲಂ" ಅಂದೆ.